ಮಂಪರು ಪರೀಕ್ಷೆ, ಪೊಲೀಸ್ ನಾಯಿ, ಟವರ್ ಡಂಪ್, ಡಿಎನ್‌ಎ: ತನಿಖೇಲಿ ಯಾವುದು ಎಷ್ಟು ಕೆಲಸಕ್ಕೆ ಬರುತ್ತೆ?

ಯಾವುದಾದ್ರೂ ದೊಡ್ಡ ಕೊಲೆ ಕೇಸ್ ಆಯ್ತು ಅಂದ್ರೆ ಟಿವಿಲಿ ಶುರುವಾಗೋದು ಎರಡೇ ವಿಷಯ, ಶ್ವಾನದಳದ ನಾಯಿ ಎಲ್ಲಿವರೆಗೂ ಹೋಗಿ ನಿಂತ್ಕೊಳ್ತು ಅನ್ನೋದು, ಆಮೇಲೆ ಆರೋಪಿಗೆ ಮಂಪರು ಪರೀಕ್ಷೆ ಯಾವಾಗ ಮಾಡಿಸ್ತಾರೆ ಅನ್ನೋದು. ಅದೇ ಕೇಸಿನ ತೀರ್ಪು ನಾಲ್ಕೈದು ವರ್ಷ ಆದ್ಮೇಲೆ ಬಂದಾಗ ತೆಗೆದು ಓದಿ ನೋಡಿ, ಇವೆರಡೂ ಹೆಚ್ಚುಕಡಿಮೆ ಎಲ್ಲೂ ಕಾಣಲ್ಲ. ಅಲ್ಲಿ ಇರೋದು ಮಹಜರು ಅಂದ್ರೆ ಸಾಕ್ಷಿಗಳ ಮುಂದೆ ಬರೆದ ಸ್ಥಳದ ವರದಿ, ಸಿಡಿಆರ್ ಅಂದ್ರೆ ಫೋನ್ ಕರೆಗಳ ದಾಖಲೆ, ಎಫ್‌ಎಸ್‌ಎಲ್ ಅಂದ್ರೆ ಫೊರೆನ್ಸಿಕ್ ಲ್ಯಾಬಿನ ರಿಪೋರ್ಟು, ಎದುರುಮನೆಯವರು ಹೇಳಿದ ಮಾತು, ಮತ್ತೆ ಐಓ ಅಂದ್ರೆ ತನಿಖಾಧಿಕಾರಿ ಎಲ್ಲೆಲ್ಲಿ ಎಡವಿದ್ರು ಅನ್ನೋದು. ಟಿವಿಲಿ ನೋಡೋ ತನಿಖೆಗೂ ಫೈಲಲ್ಲಿರೋ ತನಿಖೆಗೂ ಸಂಬಂಧಾನೇ ಇಲ್ವೇನೋ ಅನ್ಸುತ್ತೆ.

ಒಂದು ವಿಧಾನ ಉಪಯೋಗಕ್ಕೆ ಬರುತ್ತಾ ಇಲ್ವಾ ಅಂತ ಕೇಳೋಕೆ ಮುಂಚೆ ಯಾವ ಕೆಲಸಕ್ಕೆ ಅಂತ ಕೇಳ್ಬೇಕು ಅನ್ನೋದು ನನ್ನ ವಾದ. ಯಾರು ಮಾಡಿದ್ದು ಅಂತ ಪತ್ತೆ ಹಚ್ಚೋದು ಒಂದು ಕೆಲಸ, ಅದನ್ನ ಕೋರ್ಟಲ್ಲಿ ನಿಲ್ಲೋ ಹಾಗೆ ಸಾಬೀತು ಮಾಡೋದು ಇನ್ನೊಂದು, ಮೂರನೇದನ್ನ ಯಾರೂ ಲೆಕ್ಕಕ್ಕೇ ಇಡಲ್ಲ, ಏನೂ ಮಾಡದೇ ಇರೋನನ್ನ ಬೇಗ ಗುರುತಿಸಿ ಬಿಟ್ಟು ಕಳ್ಸೋದು. ನಾಯಿ ಮೊದಲನೇ ಕೆಲಸಕ್ಕೆ ಓಕೆ, ಎರಡನೇದಕ್ಕೆ ಬಹುತೇಕ ಸೊನ್ನೆ. ಡಿಎನ್‌ಎ ಎರಡನೇದಕ್ಕೂ ಮೂರನೇದಕ್ಕೂ ಭಾರಿ ಬಲ, ಮೊದಲನೇದಕ್ಕೆ ನಮ್ಮ ದೇಶದಲ್ಲಿ ಅಷ್ಟಕ್ಕಷ್ಟೆ. ಹೊಡೆದು ಬಾಯಿ ಬಿಡ್ಸೋದು ಮೂರಕ್ಕೂ ಕೆಟ್ಟದ್ದು, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಹಳೇ ಅಧ್ಯಯನ. 1975ರಲ್ಲಿ ಅಮೆರಿಕದ ರ್ಯಾಂಡ್ ಸಂಸ್ಥೆಯವರು ಅಲ್ಲಿನ ಪೊಲೀಸ್ ಇಲಾಖೆಗಳಲ್ಲಿ ಡಿಟೆಕ್ಟಿವ್‌ಗಳು ನಿಜವಾಗ್ಲೂ ಏನ್ ಮಾಡ್ತಾರೆ ಅಂತ ಅಧ್ಯಯನ ಮಾಡಿದ್ರು. ಅದ್ರಲ್ಲಿ ಬಂದ ಉತ್ತರ ಡಿಟೆಕ್ಟಿವ್‌ಗಳಿಗೆ ಬಿಲ್ಕುಲ್ ಇಷ್ಟ ಆಗ್ಲಿಲ್ಲ. ಕೇಸ್ ಬಗೆಹರಿಯುತ್ತೋ ಇಲ್ವೋ ಅನ್ನೋದು ಹೆಚ್ಚಾಗಿ ನಿಂತಿರೋದು ಮೊದಲು ಸ್ಥಳಕ್ಕೆ ಹೋದ ಮಾಮೂಲಿ ಪೇದೆಗೆ ಸಂತ್ರಸ್ತರು, ಅಕ್ಕಪಕ್ಕದವರು ಏನು ಹೇಳಿದ್ರು ಅನ್ನೋದ್ರ ಮೇಲೆ. ಹೆಸರೋ, ಗಾಡಿ ನಂಬರೋ, "ಅವ್ನು ಇದೇ ಏರಿಯಾದವ್ನು ಸಾರ್" ಅನ್ನೋ ಒಂದು ಮಾತೋ ಸಿಕ್ಕಿದ್ರೆ ಆಯ್ತು, ಸಿಗ್ಲಿಲ್ಲ ಅಂದ್ರೆ ಆಮೇಲೆ ತಿಂಗಳುಗಟ್ಟಲೆ ಗುದ್ದಾಡಿದ್ರೂ ಸಿಗೋದು ಕಷ್ಟ. ಐವತ್ತು ವರ್ಷದಲ್ಲಿ ಫೋನು, ಕ್ಯಾಮೆರಾ, ಡಿಎನ್‌ಎ ಎಲ್ಲಾ ಬಂದಿದೆ, ಆದ್ರೂ ಈ ಮಾತು ಪೂರ್ತಿ ಹಳೇದಾಗಿಲ್ಲ. ಬೀಟ್ ಸರಿಯಾಗಿ ಮಾಡೋ ಸ್ಟೇಷನ್ನಲ್ಲಿ, ಜನ ಹೆದರದೆ ಬಂದು ಮಾತಾಡೋ ಸ್ಟೇಷನ್ನಲ್ಲಿ ಕೇಸ್ ಬೇಗ ಬಿಡಿಸ್ಕೊಳ್ಳುತ್ತೆ.

ಈಗ ನಮ್ಮದೇ ಒಂದು ಕೇಸ್. ಸಯನೈಡ್ ಮೋಹನ್ ಅಂತ ಹೆಸರು ಕೇಳಿರ್ತೀರ, ದಕ್ಷಿಣ ಕನ್ನಡದ ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವನು. ಮದುವೆ ಆಗ್ತೀನಿ ಅಂತ ನಂಬಿಸಿ, ವರದಕ್ಷಿಣೆ ಕೊಡೋಕೆ ಶಕ್ತಿ ಇಲ್ಲದ ಮನೆಗಳ ಹೆಣ್ಣುಮಕ್ಕಳನ್ನ ಬೇರೆ ಊರಿಗೆ ಕರ್ಕೊಂಡು ಹೋಗಿ, ರಾತ್ರಿ ಲಾಡ್ಜಲ್ಲಿ ಉಳ್ಕೊಂಡು, ಬೆಳಗ್ಗೆ ಬಸ್‌ಸ್ಟ್ಯಾಂಡಲ್ಲಿ ಗರ್ಭ ನಿಲ್ಲದ ಹಾಗೆ ಮಾಡೋ ಮಾತ್ರೆ ಅಂತ ಸಯನೈಡ್ ಕೊಡ್ತಿದ್ದ. ಅವರು ಅಲ್ಲೇ ಟಾಯ್ಲೆಟ್ಟಿಗೆ ಹೋಗಿ ನುಂಗಿ ಅಲ್ಲೇ ಬಿದ್ದು ಸಾಯ್ತಿದ್ರು, ಇವನು ವಾಪಸ್ ಲಾಡ್ಜಿಗೆ ಹೋಗಿ ಅವರ ಒಡವೆ ಎತ್ಕೊಂಡು ಹೊರಟುಬಿಡ್ತಿದ್ದ. 2003ರಿಂದ 2009ರ ತನಕ ಇದು ನಡೀತು, ಒಟ್ಟು 20 ಕೊಲೆ ಕೇಸ್ ಅವನ ಮೇಲೆ ಬಿದ್ವು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಹೆಣಗಳು ಸಿಕ್ಕಿದ್ವು. ಮುಚ್ಚಿಟ್ಟಿರ್ಲಿಲ್ಲ, ಹೂತಿರ್ಲಿಲ್ಲ. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು ಹೀಗೆ ಬೇರೆ ಬೇರೆ ಊರಿನ ಬಸ್‌ಸ್ಟ್ಯಾಂಡ್ ಟಾಯ್ಲೆಟ್ಟಲ್ಲಿ, ಒಳಗಿಂದ ಚಿಲಕ ಹಾಕಿರೋ ಬಾಗಿಲ ಹಿಂದೆ, ಒಳ್ಳೇ ಸೀರೆ ಉಟ್ಟಿರೋ ಆದ್ರೆ ಮೈಮೇಲೆ ಒಡವೆ ಇಲ್ಲದಿರೋ ಹೆಣ್ಣುಮಕ್ಕಳು. ಪ್ರತೀ ಸ್ಟೇಷನ್ನೂ ಅದನ್ನ ಯುಡಿಆರ್ ಅಂತ, ಅಂದ್ರೆ ಅಸಹಜ ಸಾವು ಅಂತ ಬರ್ಕೊಂಡು ಫೈಲ್ ಮುಚ್ಚಿತ್ತು, ಮಾಮೂಲಿ ಆತ್ಮಹತ್ಯೆ ಲೆಕ್ಕ. ಕಾಣೆ ಆಗಿರೋ ದೂರು ಇರೋದು ದಕ್ಷಿಣ ಕನ್ನಡದಲ್ಲಿ, ಗುರುತು ಸಿಗದ ಹೆಣ ಇರೋದು ಮೈಸೂರಲ್ಲಿ, ಇವೆರಡು ಫೈಲು ಒಂದೇ ಮೇಜಿನ ಮೇಲೆ ಬರ್ಲೇ ಇಲ್ಲ. ಅಪರಾಧಿ ಒಂದೇ ರೀತಿ ಕೆಲಸ ಮಾಡ್ತಾನೆ ಅಂತ ನೋಡಿ ಹೊಂದಿಸೋಕೆ ಪೊಲೀಸರ ಹತ್ರ ಎಂಓಬಿ ಅಂತ ಒಂದು ವಿಭಾಗಾನೇ ಇರುತ್ತೆ, ಆದ್ರೆ ಕೊಲೆ ಅಂತಾನೇ ದಾಖಲಾಗದ ಸಾವು ಆ ಲೆಕ್ಕಕ್ಕೆ ಬರೋದು ಹೇಗೆ?

ಬಿಡಿಸಿದ್ದು ಫೋನು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಒಬ್ಬ ಯುವತಿ ಕಾಣೆಯಾದಾಗ ಊರವರು ಗಲಾಟೆ ಮಾಡಿದ್ರು, ಪೊಲೀಸರ ಮೇಲೆ ಒತ್ತಡ ಬಿತ್ತು, ಅವರು ಅವಳ ಕಾಲ್ ರೆಕಾರ್ಡ್ ತೆಗೆಸಿದ್ರು. ಅದ್ರಲ್ಲಿ ಜಾಸ್ತಿ ಮಾತಾಡಿರೋ ಒಂದು ನಂಬರ್ ಯಾರ್ದು ಅಂತ ನೋಡಿದ್ರೆ ಅದು ಇನ್ನೊಬ್ಬ ಹೆಣ್ಣುಮಗಳದ್ದು, ಅವಳೂ ಕಾಣೆ. ಅವಳ ರೆಕಾರ್ಡ್ ತೆಗೆದ್ರೆ ಮತ್ತೊಂದು ನಂಬರ್, ಅವಳೂ ಕಾಣೆ. ಹೀಗೆ ಕಾಣೆಯಾದವರಿಂದ ಕಾಣೆಯಾದವರಿಗೆ ಕೊಂಡಿ ಹೋಗ್ತಾ ಹೋಗ್ತಾ ಎಲ್ಲಾ ಫೋನೂ ಯಾವುದೋ ಒಂದು ಹೊತ್ತಲ್ಲಿ ಮಂಗಳೂರು ಹತ್ರದ ದೇರಳಕಟ್ಟೆ ಟವರಿಗೆ ಬಂದಿರೋದು ಕಾಣಿಸ್ತು, ಅದ್ರಲ್ಲಿ ಒಂದು ಫೋನು ಇನ್ನೂ ಚಾಲೂ ಇತ್ತು, ಹಿಡ್ಕೊಂಡು ಓಡಾಡ್ತಿದ್ದ ಹುಡುಗನ್ನ ಕೇಳಿದ್ರೆ ನಮ್ಮ ಚಿಕ್ಕಪ್ಪ ಕೊಟ್ಟಿದ್ದು ಅಂದ. 2009ರ ಅಕ್ಟೋಬರಲ್ಲಿ ಮೋಹನ್ ಸಿಕ್ಕಿಬಿದ್ದ, ತನ್ನ ಕೇಸ್ ತಾನೇ ವಾದಿಸ್ದ, 2013ರ ಡಿಸೆಂಬರಲ್ಲಿ ಮೊದಲ ಶಿಕ್ಷೆ ಆಯ್ತು. ಯೋಚನೆ ಮಾಡಿ, ಅಷ್ಟು ವರ್ಷ ನಡೆದ ಸರಣಿ ಕೊಲೆ ಬಿಡಿಸೋಕೆ ಬೇಕಾಗಿದ್ದು ಲ್ಯಾಬೂ ಅಲ್ಲ ಮಂಪರು ಔಷಧೀನೂ ಅಲ್ಲ, ಒಂದು ಮಿಸ್ಸಿಂಗ್ ಕೇಸನ್ನ ಸೀರಿಯಸ್ಸಾಗಿ ತಗೊಂಡು ಒಂದು ಪ್ರಿಂಟೌಟ್ ಇಟ್ಕೊಂಡು ಕೂತ್ಕೊಳ್ಳೋ ತಾಳ್ಮೆ.

ಸಿಡಿಆರ್ ಅಂದ್ರೆ ನಾವು ಮಾತಾಡಿದ್ದು ರೆಕಾರ್ಡ್ ಆಗಿರುತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಹಾಗೇನಿಲ್ಲ. ಅದೊಂದು ಎಕ್ಸೆಲ್ ಶೀಟ್ ಇದ್ದ ಹಾಗೆ: ಯಾವ ನಂಬರಿಂದ ಯಾವ ನಂಬರಿಗೆ, ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ಕಾಲ್ ಶುರುವಾದಾಗ ಯಾವ ಟವರ್, ಮುಗಿದಾಗ ಯಾವ ಟವರ್, ಸಿಮ್ ಹಾಕಿದ್ದ ಹ್ಯಾಂಡ್‌ಸೆಟ್‌ನ ಐಎಂಇಐ ನಂಬರ್ ಏನು. ಕೊನೇ ಕಾಲಂ ಬಹಳ ಜನಕ್ಕೆ ಗೊತ್ತಿರಲ್ಲ, ಕಳ್ಳರಿಗೂ ಗೊತ್ತಿರ್ಲಿಲ್ಲ ಒಂದು ಕಾಲದಲ್ಲಿ. ಸಿಮ್ ಕಿತ್ತು ಬಿಸಾಕಿ ಹೊಸ ಸಿಮ್ ಹಾಕಿದ್ರೂ ಹ್ಯಾಂಡ್‌ಸೆಟ್ ಅದೇ ಆದ್ರೆ ಅದೇ ಐಎಂಇಐ ಮತ್ತೆ ಪಟ್ಟೀಲಿ ಬರುತ್ತೆ. ಈಗ ಕಳೆದುಹೋದ ಫೋನ್ ಹುಡುಕೋ ಸಿಇಐಆರ್ ಪೋರ್ಟಲ್ ಕೆಲಸ ಮಾಡೋದೂ ಈ ನಂಬರ್ ಮೇಲೇನೇ. ಟೆಲಿಕಾಂ ಕಂಪನಿಗಳು ಈ ದಾಖಲೆಯನ್ನ ಕನಿಷ್ಠ ಎರಡು ವರ್ಷ ಇಡ್ಬೇಕು, 2021ಕ್ಕೆ ಮುಂಚೆ ಒಂದೇ ವರ್ಷ ಇತ್ತು.

ಟವರ್ ಡಂಪ್ ಇನ್ನೊಂದು. ಇಲ್ಲಿ ಯಾರ ನಂಬರೂ ಗೊತ್ತಿರಲ್ಲ, ಜಾಗ ಮತ್ತೆ ಸಮಯ ಮಾತ್ರ ಗೊತ್ತು, ಆ ಹೊತ್ತಲ್ಲಿ ಆ ಟವರಲ್ಲಿ ಕಾಲ್, ಮೆಸೇಜ್ ಮಾಡಿದ ಎಲ್ಲಾ ನಂಬರೂ ಕೊಡಿ ಅಂತ ಕೇಳ್ತಾರೆ. ಮೆಜೆಸ್ಟಿಕ್‌ನಂಥ ಕಡೆ ಸಾವಿರಾರು ನಂಬರ್ ಬರುತ್ತೆ, ಅದರಿಂದ ಏನೂ ಆಗಲ್ಲ. ಆದ್ರೆ ಒಂದೇ ಥರದ ಸರ ಕಿತ್ತ ಎರಡು ಮೂರು ಘಟನೆ ಬೇರೆ ಬೇರೆ ಏರಿಯಾದಲ್ಲಿ ಆಗಿದ್ರೆ, ಮೂರೂ ಕಡೆ ಡಂಪ್ ತಗೊಂಡು ಮೂರರಲ್ಲೂ ಇರೋ ನಂಬರ್ ಯಾವುದು ಅಂತ ನೋಡ್ತಾರೆ, ಪಟ್ಟಿ ಸರ್ರಂತ ಇಳಿದು ಕೈಬೆರಳಲ್ಲಿ ಎಣಿಸೋಷ್ಟಕ್ಕೆ ಬರುತ್ತೆ. ಅದ್ರಲ್ಲೂ ಓಲಾ ಡ್ರೈವರು, ಸ್ವಿಗ್ಗಿ ಹುಡುಗ್ರು ಇದ್ದೇ ಇರ್ತಾರೆ ಪಾಪ, ಊರೆಲ್ಲಾ ಸುತ್ತೋದು ಅವರ ಹೊಟ್ಟೆಪಾಡು. ಪಟ್ಟೀಲಿ ಹೆಸರು ಬಂತು ಅಂದ್ರೆ ವಿಚಾರಿಸ್ಬೇಕು ಅಂತ ಅಷ್ಟೇ ಅರ್ಥ. ಮತ್ತೆ ಟವರ್ ಲೊಕೇಶನ್ ಅಂದ್ರೆ ಮನೆ ಬಾಗಿಲು ಅಲ್ಲ, ಸಿಟೀಲಿ ಕೆಲವು ನೂರು ಮೀಟರ್, ಹಳ್ಳಿ ಕಡೆ ಕೆಲವು ಕಿಲೋಮೀಟರ್ ವ್ಯಾಪ್ತಿ. "ಆರೋಪಿ ಮೊಬೈಲ್ ಘಟನಾ ಸ್ಥಳದಲ್ಲೇ ಇತ್ತು" ಅಂತ ಪೇಪರಲ್ಲಿ ಬಂದ್ರೆ ಅದನ್ನ "ಆ ಏರಿಯಾದಲ್ಲಿ ಎಲ್ಲೋ ಇತ್ತು" ಅಂತ ಓದ್ಕೊಳ್ಳಿ.

ಸಿಸಿಟಿವಿ ಬಗ್ಗೆ ಎಲ್ಲರಿಗೂ ಅಪಾರ ನಂಬಿಕೆ. ನನಗೂ ಇದೆ, ಆದ್ರೆ ಬೇರೆ ಕಾರಣಕ್ಕೆ. ಮುಖ ಕಂಡು ಗುರುತು ಹಿಡಿಯೋದು ಕಮ್ಮಿ, ಮಾಸ್ಕು ಹೆಲ್ಮೆಟ್ಟು ಹಾಕಿರ್ತಾರೆ, ಕ್ಯಾಮೆರಾ ಮೇಲೆ ಇರುತ್ತೆ, ರಾತ್ರಿ ಹೊತ್ತು ಹೆಡ್‌ಲೈಟ್ ಹೊಡೆದು ನಂಬರ್ ಪ್ಲೇಟ್ ಬೆಳ್ಳಗಾಗಿಬಿಡುತ್ತೆ. ಅದರ ನಿಜವಾದ ಬೆಲೆ ಇರೋದು ದಾರಿ ಹಿಡಿಯೋದ್ರಲ್ಲಿ, ಈ ಕ್ಯಾಮೆರಾದಿಂದ ಮುಂದಿನ ಕ್ಯಾಮೆರಾಗೆ, ಎಲ್ಲಿಂದ ಬಂದ ಎಲ್ಲಿಗೆ ಹೋದ, ಎಲ್ಲಿ ಬಸ್ ಹತ್ತಿದ, ಎಲ್ಲಿ ಬಟ್ಟೆ ಬದಲಾಯಿಸಿದ. 2024ರ ಮಾರ್ಚ್ 1ಕ್ಕೆ ರಾಮೇಶ್ವರಂ ಕೆಫೆ ಸ್ಫೋಟ ಆದಾಗ ಮಾಸ್ಕ್, ಟೋಪಿ ಹಾಕಿದ್ದ ವ್ಯಕ್ತಿಯ ವಿಡಿಯೋ ಮೊದಲ ದಿನವೇ ಎಲ್ಲರ ಫೋನಲ್ಲೂ ಇತ್ತು, ಆದ್ರೂ ಬಂಧನ ಆಗಿದ್ದು ಏಪ್ರಿಲ್ 12ಕ್ಕೆ, ಪಶ್ಚಿಮ ಬಂಗಾಳದಲ್ಲಿ. ಆ ನಡುವೆ ಮುಖದಷ್ಟೇ ಕೆಲಸಕ್ಕೆ ಬಂದಿದ್ದು ಅವನು ಬಿಟ್ಟುಹೋದ ಟೋಪಿ, ಅದು ಎಲ್ಲಿ ಮಾರಾಟ ಆಗಿದ್ದು ಅಂತ ಹುಡುಕಿಕೊಂಡು ಹೋಗಿದ್ದು ಅಂತ ಆಗಿನ ವರದಿಗಳಲ್ಲಿತ್ತು. ದೆಹಲಿಯ 2012ರ ನಿರ್ಭಯಾ ಕೇಸಲ್ಲೂ ಅಷ್ಟೇ, ಹೋಟೆಲೊಂದರ ಕ್ಯಾಮೆರಾದಲ್ಲಿ ಕಂಡಿದ್ದು ಆರೋಪಿಗಳ ಮುಖ ಅಲ್ಲ, ಬಿಳೀ ಬಸ್ಸು, ಪಕ್ಕದಲ್ಲಿ "ಯಾದವ್" ಅಂತ ಬರೆದಿರೋದು, ಒಂದು ಚಕ್ರಕ್ಕೆ ವೀಲ್ ಕ್ಯಾಪ್ ಇಲ್ಲದೇ ಇರೋದು. ಅಷ್ಟರಿಂದ ಬಸ್ ಸಿಕ್ತು, ಬಸ್ಸಿಂದ ಡ್ರೈವರ್ ಸಿಕ್ಕ.

ಕ್ಯಾಮೆರಾದಲ್ಲಿ ಎರಡು ಚಿಕ್ಕ ವಿಷಯ ದೊಡ್ಡ ಕೇಸ್ ಕೆಡಿಸುತ್ತೆ. ಅಂಗಡಿಯ ಡಿವಿಆರ್, ಅಂದ್ರೆ ವಿಡಿಯೋ ಉಳಿಸಿಡೋ ಪೆಟ್ಟಿಗೆ, ಅದರ ಗಡಿಯಾರ ಯಾವಾಗ್ಲೂ ಸರಿ ಇರಲ್ಲ, ಹತ್ತು ನಿಮಿಷ ಮುಂದೋ ಹಿಂದೋ ಇರುತ್ತೆ, ಕರೆಂಟ್ ಹೋಗಿ ಬಂದ್ರೆ ಕೆಲವು ಸಲ ತಾರೀಖೇ ಬದಲಾಗಿರುತ್ತೆ. ಬುದ್ಧಿವಂತ ಐಓ ಮೊದಲು ಮಾಡೋ ಕೆಲಸ ಡಿವಿಆರ್ ಪರದೆ ಪಕ್ಕ ತನ್ನ ಮೊಬೈಲ್ ಹಿಡಿದು ಎರಡೂ ಟೈಮ್ ಕಾಣೋ ಹಾಗೆ ಫೋಟೋ ತಗೊಳ್ಳೋದು, ಮಹಜರಲ್ಲಿ ಇಷ್ಟು ನಿಮಿಷ ವ್ಯತ್ಯಾಸ ಅಂತ ಬರ್ಸೋದು. ಇದು ಬರ್ದಿಲ್ಲ ಅಂದ್ರೆ ಡಿಫೆನ್ಸ್ ವಕೀಲರು ಟವರ್ ಟೈಮಿಗೂ ವಿಡಿಯೋ ಟೈಮಿಗೂ ತಾಳೆ ಇಲ್ಲ ಅಂತ ಹಿಡ್ಕೊಳ್ತಾರೆ. ಇನ್ನೊಂದು ಸರ್ಟಿಫಿಕೇಟ್. ಕಂಪ್ಯೂಟರಿಂದ ಬಂದ ಯಾವ ದಾಖಲೆಗೂ ಇದು ಇಂಥ ಯಂತ್ರದಿಂದ ಹೀಗೆ ತೆಗೆದದ್ದು ಅಂತ ಪ್ರಮಾಣಪತ್ರ ಬೇಕು, ಹಳೇ ಸಾಕ್ಷ್ಯ ಕಾಯ್ದೇಲಿ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63. ಒರಿಜಿನಲ್ ಡಿವಿಆರ್ ಕೋರ್ಟಿಗೆ ತರದೆ ಬರೀ ಪೆನ್‌ಡ್ರೈವ್ ಕೊಟ್ಟು ಈ ಕಾಗದ ಲಗತ್ತಿಸಿಲ್ಲ ಅಂದ್ರೆ ವಿಡಿಯೋ ಸಾಕ್ಷ್ಯಾನೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು, 2020ರಲ್ಲಿ ಮತ್ತೆ ಅದನ್ನೇ ಗಟ್ಟಿ ಮಾಡ್ತು.

ಇನ್ನು ಘಟನಾ ಸ್ಥಳ. ಯಾವುದೇ ಲ್ಯಾಬು, ಯಾವುದೇ ಯಂತ್ರ ಬಂದ್ರೂ ಅದಕ್ಕೆ ಕೊಡೋಕೆ ಏನಾದ್ರೂ ಇರ್ಬೇಕಲ್ಲ, ಅದು ಸಿಗೋದು ಮೊದಲ ಕೆಲವು ಗಂಟೇಲಿ, ಒಂದೇ ಸಲ. 2008ರ ನೋಯ್ಡಾದ ಆರುಷಿ ಕೇಸ್ ನೆನಪಿರ್ಬೇಕು, ತನ್ನ ಮನೇಲೇ ಕೊಲೆಯಾದ ಹುಡುಗಿ. ಮನೆ ತುಂಬಾ ಜನ, ಮೀಡಿಯಾದವರು, ನೆಂಟರು ಓಡಾಡಿಬಿಟ್ರು, ಮನೆ ಕೆಲಸದವನೇ ಕೊಂದು ಓಡಿಹೋಗಿದ್ದಾನೆ ಅಂತ ಪೊಲೀಸರು ಅವತ್ತೇ ಹೇಳಿಬಿಟ್ರು, ಮಾರನೇ ದಿನ ಅದೇ ಮನೆ ಟೆರೇಸ್ ಮೇಲೆ ಅವನ ಹೆಣ ಸಿಕ್ತು. ಟೆರೇಸ್ ಬಾಗಿಲಿನ ಬೀಗ ಮೊದಲ ದಿನ ಯಾರೂ ಒಡೆದು ನೋಡಿರ್ಲಿಲ್ಲ. ಆಮೇಲೆ ಸಿಬಿಐನ ಎರಡು ತಂಡ, ಮಂಪರು ಪರೀಕ್ಷೆ, ವರ್ಷಗಟ್ಟಲೆ ವಿಚಾರಣೆ, ಕೆಳಗಿನ ಕೋರ್ಟಲ್ಲಿ ಹುಡುಗಿಯ ಅಪ್ಪ ಅಮ್ಮನಿಗೇ ಶಿಕ್ಷೆ, 2017ರಲ್ಲಿ ಅಲಹಾಬಾದ್ ಹೈಕೋರ್ಟಲ್ಲಿ ಬಿಡುಗಡೆ. ಮೊದಲ ದಿನ ಕಳ್ಕೊಂಡಿದ್ದನ್ನ ಯಾವ ಏಜೆನ್ಸಿಗೂ ವಾಪಸ್ ತರೋಕೆ ಆಗ್ಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ 1991ರ ಮೇ 21, ಶ್ರೀಪೆರಂಬದೂರು. ರಾಜೀವ್ ಗಾಂಧಿ ಹತ್ಯೆಯಾದ ಜಾಗದಲ್ಲಿ ಸತ್ತುಬಿದ್ದಿದ್ದವರಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ, ಅವನ ಕ್ಯಾಮೆರಾ ಹಾಳಾಗದೆ ಉಳ್ಕೊಂಡಿತ್ತು, ರೀಲ್ ತೊಳೆದಾಗ ಹಾರ ಹಿಡ್ಕೊಂಡು ನಿಂತಿರೋ ಆತ್ಮಾಹುತಿ ಬಾಂಬರೂ ಕುರ್ತಾ ಪೈಜಾಮದಲ್ಲಿದ್ದ ಸಂಚಿನ ಮುಖಂಡ ಶಿವರಾಸನ್ನೂ ಅದ್ರಲ್ಲಿದ್ರು. ಕೊಲೆಗಾರರೇ ದಾಖಲೆಗೆ ಅಂತ ತೆಗೆಸಿದ ಫೋಟೋ. ಎಲ್ಲಾ ದಿಕ್ಕು ಅಲ್ಲಿಂದಲೇ ಸಿಕ್ಕಿದ್ದು, ಕೊನೆಗೆ ಆಗಸ್ಟ್ 20ಕ್ಕೆ ನಮ್ಮ ಬೆಂಗಳೂರಿನ ಕೋಣನಕುಂಟೆ ಮನೇಲಿ ಶಿವರಾಸನ್ ಮತ್ತೆ ಸಂಗಡಿಗರು ಸತ್ತಿದ್ದು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲು ಜಾರಿಗೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧದಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗ್ಲೇಬೇಕು, ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷ ಟೈಮ್ ಕೊಟ್ಟಿದ್ದಾರೆ. ಕರ್ನಾಟಕ ಇದಕ್ಕೂ ಮುಂಚೇನೇ ಸೋಕೋ ಅಂತ, ಘಟನಾ ಸ್ಥಳ ನೋಡ್ಕೊಳ್ಳೋಕೇ ಅಂತ ಬೇರೆ ಹುದ್ದೆ ಮಾಡಿತ್ತು. ನನ್ನ ಕೇಳಿದ್ರೆ ಈಚಿನ ಎಲ್ಲಾ ಬದಲಾವಣೇಲಿ ಅತಿ ಉಪಯೋಗದ್ದು ಇದೇ, ಯಾರೂ ಇದರ ಬಗ್ಗೆ ಮಾತಾಡದೇ ಇದ್ರೂ.

ಲ್ಯಾಬ್ ವಿದ್ಯೆಗಳೆಲ್ಲಾ ಒಂದೇ ತೂಕದ್ದಲ್ಲ. ಬೆರಳಚ್ಚು ಗಟ್ಟಿ. ಅಪರಾಧಿಗಳನ್ನ ಗುರುತಿಸೋಕೆ ಬೆರಳಚ್ಚನ್ನ ವ್ಯವಸ್ಥಿತವಾಗಿ ಜೋಡಿಸಿಟ್ಟ ಮೊದಲ ಬ್ಯೂರೋ ಶುರುವಾಗಿದ್ದೇ 1897ರಲ್ಲಿ ಕಲ್ಕತ್ತಾದಲ್ಲಿ, ವರ್ಗೀಕರಣದ ಲೆಕ್ಕಾಚಾರ ಮಾಡಿದ್ದು ಅಜೀಜುಲ್ ಹಕ್, ಹೇಮಚಂದ್ರ ಬೋಸ್, ಹೆಸರು ಮಾತ್ರ ಅವರ ಮೇಲಿದ್ದ ಬ್ರಿಟಿಷ್ ಪೊಲೀಸ್ ಅಧಿಕಾರಿ ಹೆನ್ರಿ ಸಾಹೇಬ್ರದ್ದು. ಈಗ ನಾಫಿಸ್ ಅನ್ನೋ ರಾಷ್ಟ್ರೀಯ ಡೇಟಾಬೇಸ್ ಇರೋದ್ರಿಂದ ಹುಬ್ಬಳ್ಳೀಲಿ ಬೀರು ಮೇಲೆ ಸಿಕ್ಕ ಅಚ್ಚು ಬೇರೆ ರಾಜ್ಯದಲ್ಲಿ ಹಿಂದೆ ಅರೆಸ್ಟ್ ಆದವನಿಗೆ ತಾಳೆ ಆಗ್ಬಹುದು, ಅಂದ್ರೆ ಇದು ಪತ್ತೆಗೂ ಆಗುತ್ತೆ ಸಾಬೀತಿಗೂ ಆಗುತ್ತೆ. ಹಾಗಂತ ತಪ್ಪೇ ಆಗಲ್ಲ ಅಂತಿಲ್ಲ, 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಅರ್ಧಂಬರ್ಧ ಅಚ್ಚನ್ನ ಎಫ್‌ಬಿಐನವರು ಅಮೆರಿಕದ ಒಬ್ಬ ವಕೀಲರದ್ದು ಅಂತ ಹೇಳಿ ಒಳಗೆ ಹಾಕಿ ಆಮೇಲೆ ಕ್ಷಮೆ ಕೇಳಿದ್ರು. ಕೂದಲನ್ನ ಮೈಕ್ರೋಸ್ಕೋಪಲ್ಲಿ ನೋಡಿ ಇವನದ್ದೇ ಅನ್ನೋದಂತೂ ಪೂರ್ತಿ ಬಿದ್ದುಹೋಯ್ತು, 2015ರಲ್ಲಿ ಎಫ್‌ಬಿಐ ತಾನೇ ಪರಿಶೀಲಿಸಿದ ವಿಚಾರಣೆಗಳಲ್ಲಿ 90 ಪರ್ಸೆಂಟಿಗೂ ಮೇಲೆ ತನ್ನ ತಜ್ಞರು ತಪ್ಪು ಹೇಳಿಕೆ ಕೊಟ್ಟಿದ್ರು ಅಂತ ಒಪ್ಕೊಳ್ತು. ಹಲ್ಲಿನ ಗುರುತಿಗೂ ಅಲ್ಲಿನ ವಿಜ್ಞಾನಿಗಳು 2009ರಲ್ಲೇ ಆಧಾರ ಸಾಲದು ಅಂದಿದ್ರು. ನಮ್ಮಲ್ಲಿ ನಿರ್ಭಯಾ ಕೇಸಲ್ಲಿ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ತಜ್ಞರು ಕೊಟ್ಟ ಹಲ್ಲಿನ ಗುರುತಿನ ವರದೀನ ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ತು, ಆದ್ರೆ ಅಲ್ಲಿ ಅದು ಒಂಟಿಯಾಗಿರ್ಲಿಲ್ಲ, ಡಿಎನ್‌ಎ, ಮರಣ ಹೇಳಿಕೆ, ಬಸ್ಸಲ್ಲಿ ಸಿಕ್ಕ ರಕ್ತ ಎಲ್ಲಾ ಪಕ್ಕದಲ್ಲಿತ್ತು.

ಗುಂಡಿನ ವಿಷಯ ಬಂದ್ರೆ ಗೌರಿ ಲಂಕೇಶ್ ಕೇಸ್ ನೋಡ್ಬೇಕು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಅವರ ಮನೆ ಮುಂದೆ ಸಿಕ್ಕ 7.65 ಎಂಎಂ ಕಾಟ್ರಿಜ್ ಮೇಲಿನ ಗುರುತುಗಳು 2015ರ ಆಗಸ್ಟ್ 30ಕ್ಕೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನ ಕೊಂದಾಗ ಸಿಕ್ಕಿದ್ದಕ್ಕೆ ತಾಳೆ ಆದ್ವು ಅಂತ ಎಸ್‌ಐಟಿ, ಅಂದ್ರೆ ವಿಶೇಷ ತನಿಖಾ ತಂಡ ಹೇಳ್ತು. ಇದರಿಂದ ಕೊಲೆಗಾರನ ಹೆಸರು ಸಿಗಲ್ಲ, ಆದ್ರೆ ಎರಡು ಊರಿನ ಎರಡು ಫೈಲು ಒಂದೇ ಫೈಲ್ ಆಗುತ್ತೆ, ಸಯನೈಡ್ ಕೇಸಲ್ಲಿ ವರ್ಷಗಟ್ಟಲೆ ಆಗದೇ ಇದ್ದಿದ್ದು ಇದೇ ತಾನೇ. ಅದೇ ಕೇಸಲ್ಲಿ ನಡಿಗೆ ಹೋಲಿಕೆಯನ್ನೂ ಮಾಡಿಸಿದ್ರು, ಸಿಸಿಟಿವಿಯಲ್ಲಿ ಕಂಡವನ ನಡಿಗೆಯನ್ನ ಆರೋಪಿಯ ನಡಿಗೆ ಜೊತೆ ಗುಜರಾತಿನ ಲ್ಯಾಬಲ್ಲಿ ಹೋಲಿಸಿದ್ದು. ಇಂಥ ಹೊಸ ವಿದ್ಯೆಯನ್ನ ಒಂದೇ ನಂಬಿ ಶಿಕ್ಷೆ ಕೊಡೋಕೆ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ, ಬೇರೆ ಸಾಕ್ಷಿ ಜೊತೆ ಒಂದು ಎಳೆಯಾಗಿ ಇರ್ಲಿ.

ಡಿಎನ್‌ಎ ಜಗತ್ತಿನಲ್ಲಿ ಮೊದಲು ಬಿಡಿಸಿದ ಕೊಲೆ ಕೇಸಿನ ಕಥೆ ಚೆನ್ನಾಗಿದೆ. ಇಂಗ್ಲೆಂಡಿನ ಲೆಸ್ಟರ್‌ಶೈರಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಇಬ್ಬರೂ 15ರ ಹುಡುಗೀರು, ಕೊಲೆಯಾದ್ರು. 17 ವರ್ಷದ ಒಬ್ಬ ಹುಡುಗ ಎರಡನೇ ಕೊಲೆ ನಾನೇ ಮಾಡಿದ್ದು ಅಂತ ಒಪ್ಕೊಂಡ. ಅಲೆಕ್ ಜೆಫ್ರೀಸ್ ಅನ್ನೋ ವಿಜ್ಞಾನಿ ಹೊಸದಾಗಿ ಕಂಡುಹಿಡಿದಿದ್ದ ಪರೀಕ್ಷೆ ಮಾಡಿದ್ರೆ ಎರಡೂ ಕೊಲೆ ಒಬ್ಬನದ್ದೇ, ಆದ್ರೆ ಈ ಹುಡುಗನದ್ದಲ್ಲ. ಅಂದ್ರೆ ಡಿಎನ್‌ಎ ಮೊದಲು ಮಾಡಿದ ಕೆಲಸ ಒಬ್ಬ ಅಮಾಯಕನನ್ನ ಬಿಡಿಸಿದ್ದು. ಆಮೇಲೆ ಸುತ್ತಮುತ್ತ ಊರಿನ ಸುಮಾರು 5,000 ಗಂಡಸರ ಸ್ಯಾಂಪಲ್ ತಗೊಂಡ್ರು, ಒಂದೂ ತಾಳೆ ಆಗ್ಲಿಲ್ಲ! ಯಾಕಂದ್ರೆ ಕಾಲಿನ್ ಪಿಚ್‌ಫೋರ್ಕ್ ಅನ್ನೋ ಬೇಕರಿ ಕೆಲಸದವನು ತನ್ನ ಬದಲು ಸಹೋದ್ಯೋಗಿಯನ್ನ ಕಳಿಸಿದ್ದ. ಆ ಸಹೋದ್ಯೋಗಿ ಪಬ್ಬಲ್ಲಿ ಕುಡೀತಾ ಅದನ್ನ ಬಾಯಿಬಿಟ್ಟ, ಕೇಳಿಸ್ಕೊಂಡ ಒಬ್ಬ ಮಹಿಳೆ ಪೊಲೀಸರಿಗೆ ಹೇಳಿದ್ಲು, ಪಿಚ್‌ಫೋರ್ಕ್ ಸಿಕ್ಕಿಬಿದ್ದ, 1988ರಲ್ಲಿ ಜೀವಾವಧಿ ಆಯ್ತು. ಸಾಬೀತು ಮಾಡಿದ್ದು ಲ್ಯಾಬು, ಹಿಡ್ಕೊಟ್ಟಿದ್ದು ಒಂದು ಬಾಯಿಮಾತು. ನಮ್ಮಲ್ಲಿ ಹೋಲಿಸಿ ನೋಡೋಕೆ ದೇಶಕ್ಕೆಲ್ಲಾ ಒಂದು ಡಿಎನ್‌ಎ ಬ್ಯಾಂಕ್ ಮಾಡೋಕೆ ತಂದಿದ್ದ ಬಿಲ್ಲನ್ನ ಸರ್ಕಾರ 2023ರಲ್ಲಿ ವಾಪಸ್ ತಗೊಳ್ತು, ಹಾಗಾಗಿ ಸದ್ಯಕ್ಕೆ ಮೊದಲು ಆರೋಪಿ, ಆಮೇಲೆ ಡಿಎನ್‌ಎ ಅನ್ನೋ ಕ್ರಮಾನೇ ಹೆಚ್ಚು.

ಈಗ ಮಂಪರು ಪರೀಕ್ಷೆ. ಸೋಡಿಯಂ ಪೆಂಟೊಥಾಲ್ ಅನ್ನೋ ಅರಿವಳಿಕೆ ಔಷಧೀನ ಕಮ್ಮಿ ಪ್ರಮಾಣದಲ್ಲಿ ಕೊಟ್ಟು ಅರೆಪ್ರಜ್ಞೇಲಿ ಪ್ರಶ್ನೆ ಕೇಳೋದು. ಅದು ಸಂಕೋಚ ಕಮ್ಮಿ ಮಾಡುತ್ತೆ, ನಿಜ. ಆದ್ರೆ ಬಾಯಿಂದ ಬರೋದೆಲ್ಲಾ ಸತ್ಯ ಅಂತ ಏನೂ ಇಲ್ಲ, ಕಲ್ಪನೆ, ಕನಸು, ಕೇಳಿದವರು ಯಾವ ಉತ್ತರ ಬಯಸ್ತಿದ್ದಾರೋ ಅದು, ಎಲ್ಲಾ ಕಲಸಿಕೊಂಡು ಬರುತ್ತೆ. ಎರಡು ಸಾವಿರದ ದಶಕದಲ್ಲಿ ಬೆಂಗಳೂರಿನ ಎಫ್‌ಎಸ್‌ಎಲ್ ಇದಕ್ಕೆ ದೇಶದಲ್ಲೇ ದೊಡ್ಡ ಅಡ್ಡೆ ಆಗಿತ್ತು, ಛಾಪಾ ಕಾಗದದ ತೆಲಗಿಯಿಂದ ಹಿಡಿದು ಎಷ್ಟೋ ಜನರನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ರು, ಆ ವಿಡಿಯೋ ಟಿವಿಗೆ ಸೋರಿಕೆ ಆಗೋದು ಬೇರೆ. ಅದಕ್ಕೆ ಲಗಾಮು ಹಾಕಿದ ತೀರ್ಪೂ ಕರ್ನಾಟಕದ್ದೇ, ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ, 2010ರ ಮೇ 5. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಬ್ರೇನ್ ಮ್ಯಾಪಿಂಗ್ ಮೂರೂ ಮಾಡಂಗಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೋಕೆ ಯಾರನ್ನೂ ಬಲವಂತ ಮಾಡಬಾರದು ಅನ್ನೋ ಸಂವಿಧಾನದ 20(3)ಕ್ಕೆ ಇದು ವಿರುದ್ಧ, ಒಪ್ಪಿ ಮಾಡಿಸ್ಕೊಂಡ್ರೂ ಅದರ ಫಲಿತಾಂಶ ನೇರವಾಗಿ ಸಾಕ್ಷ್ಯ ಆಗಲ್ಲ, ಅದರಿಂದ ಏನಾದ್ರೂ ವಸ್ತು ಸಿಕ್ಕಿದ್ರೆ ಅದು ಮಾತ್ರ ಆಗ್ಬಹುದು ಅಂತ. ಸುಳ್ಳು ಪತ್ತೆ ಯಂತ್ರ ಅಳೆಯೋದು ಉಸಿರು, ಬಿಪಿ, ಬೆವರು. ಅಂದ್ರೆ ಹೆದರಿಕೆ. ಸ್ಟೇಷನ್ನಲ್ಲಿ ಕೂತ ಅಮಾಯಕನಿಗೆ ಹೆದರಿಕೆ ಆಗಲ್ವಾ?

ಹೆದರಿಕೆ ಅಂದಮೇಲೆ ಥರ್ಡ್ ಡಿಗ್ರಿ ಮಾತಿಗೆ ಬರ್ಲೇಬೇಕು. "ನಾಲ್ಕು ಬಿಟ್ರೆ ಎಲ್ಲಾ ಬರುತ್ತೆ" ಅನ್ನೋ ನಂಬಿಕೆ ಪೊಲೀಸರಿಗಿಂತ ಜನರಿಗೇ ಜಾಸ್ತಿ ಇದೆ. ಬರುತ್ತೆ, ಆದ್ರೆ ಏನು ಬರುತ್ತೆ? ಹೊಡೆಯೋನು ಯಾವ ಉತ್ತರ ತಲೇಲಿ ಇಟ್ಕೊಂಡಿದ್ದಾನೋ ಅದೇ ಬರುತ್ತೆ. ಕಾನೂನಿನಲ್ಲೂ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆ ಇಲ್ಲ, ಅದಕ್ಕಿರೋ ಒಂದೇ ಕಿಂಡಿ ಹಳೇ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್, ಈಗ ಹೊಸ ಕಾಯ್ದೆಯ 23ರೊಳಗೆ ಸೇರ್ಕೊಂಡಿದೆ. ಆರೋಪಿ ಹೇಳಿದ್ದರಿಂದ ಹೊಸದಾಗಿ ಒಂದು ವಸ್ತು ಸಿಕ್ಕಿದ್ರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಒಪ್ಪಬಹುದು. ಅದಕ್ಕೇ ನಮ್ಮ ಚಾರ್ಜ್‌ಶೀಟ್‌ಗಳಲ್ಲಿ ಸ್ವ-ಇಚ್ಛಾ ಹೇಳಿಕೆ ಅಂತ ಒಂದು ಇರುತ್ತೆ, "ನನ್ನನ್ನು ಕರೆದುಕೊಂಡು ಹೋದಲ್ಲಿ ಚಾಕುವನ್ನು ಬಿಸಾಡಿರುವ ಜಾಗವನ್ನು ತೋರಿಸುತ್ತೇನೆ" ಅನ್ನೋ ವಾಕ್ಯ ಊರು ಯಾವುದಾದ್ರೂ ಆರೋಪಿ ಯಾರಾದ್ರೂ ಅಕ್ಷರ ಬದಲಾಗಲ್ಲ. ಕೂಲಿ ಮಾಡೋನೂ ಎಂಜಿನಿಯರ್ರೂ ಒಂದೇ ಗ್ರಾಂಥಿಕ ಕನ್ನಡದಲ್ಲಿ ಮಾತಾಡ್ತಾರೆ. ಜಡ್ಜ್‌ಗಳಿಗೂ ಇದು ಗೊತ್ತು, ಹಾಗಾಗಿ ಚಾಕು ಎಲ್ಲರಿಗೂ ಕಾಣೋ ಪೊದೆಯಲ್ಲಿ ಸಿಕ್ಕಿದ್ರೆ, ಮಹಜರಿಗೆ ಸಾಕ್ಷಿಯಾಗಿ ಸೈನ್ ಹಾಕಿದ ಪಂಚರು ಕೋರ್ಟಲ್ಲಿ "ಸ್ಟೇಷನ್ನಲ್ಲೇ ಸೈನ್ ಹಾಕಿಸ್ಕೊಂಡ್ರು ಸ್ವಾಮಿ" ಅಂದುಬಿಟ್ರೆ ಅಲ್ಲಿಗೆ ಮುಗೀತು.

ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ ಕುಶಾಲನಗರದ ಕೇಸ್ ಸಾಕು. ಅಲ್ಲಿನ ಹಾಡಿಯ ಒಬ್ಬ ಬುಡಕಟ್ಟು ಸಮುದಾಯದವರು 2020ರ ಕೊನೆಗೆ ಹೆಂಡತಿ ಕಾಣ್ತಿಲ್ಲ ಅಂತ ದೂರು ಕೊಟ್ರು. ಆಮೇಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಕಡೆ ಒಂದು ಅಸ್ಥಿಪಂಜರ ಸಿಕ್ತು, ಪೊಲೀಸರು ಅದು ಅವಳದ್ದೇ ಅಂತ ತೀರ್ಮಾನ ಮಾಡಿ, ದೂರು ಕೊಟ್ಟ ಗಂಡನನ್ನೇ ಕೊಲೆ ಕೇಸಲ್ಲಿ ಒಳಗೆ ಹಾಕಿದ್ರು. ಡಿಎನ್‌ಎ ವರದಿ ಬರೋದಕ್ಕೆ ಮುಂಚೇನೇ ಚಾರ್ಜ್‌ಶೀಟ್ ಹೋಯ್ತು, ವರದಿ ಬಂದಾಗ ಅಸ್ಥಿಪಂಜರಕ್ಕೂ ಹೆಂಡತಿಯ ತಾಯಿಯ ಸ್ಯಾಂಪಲ್ಲಿಗೂ ತಾಳೆ ಇಲ್ಲ. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆ ಮನುಷ್ಯ ಒಂದೂವರೆ ಎರಡು ವರ್ಷ ಜೈಲಲ್ಲಿದ್ರು. 2025ರ ಏಪ್ರಿಲ್ 1ಕ್ಕೆ ಅವರ ಸ್ನೇಹಿತರು ಮಡಿಕೇರಿಯ ಹೋಟೆಲಲ್ಲಿ ಆ ಹೆಂಡತಿಯನ್ನ ಜೀವಂತ ನೋಡಿದ್ರು. ಅದೇ ತಿಂಗಳು ಮೈಸೂರು ಕೋರ್ಟ್ ಇವರನ್ನ ಬಿಡುಗಡೆ ಮಾಡಿ 1 ಲಕ್ಷ ಪರಿಹಾರ ಕೊಡಿ ಅಂತು. ಮೂರನೇ ಕೆಲಸ ಅಂದ್ನಲ್ಲ, ತಪ್ಪು ಮನುಷ್ಯನನ್ನ ಬಿಡೋದು, ಇಲ್ಲಿ ಲ್ಯಾಬು ತನ್ನ ಕೆಲಸ ಮಾಡಿತ್ತು, ಆ ವರದೀನ ಕೇಳೋ ಕಿವಿ ಇರ್ಲಿಲ್ಲ. ಆ ಅಸ್ಥಿಪಂಜರ ಯಾರದ್ದು ಅನ್ನೋ ಪ್ರಶ್ನೇನೂ ಅಷ್ಟು ವರ್ಷ ಯಾರೂ ಕೇಳದೆ ಬಿದ್ದಿತ್ತು, ಉತ್ತರ ಮೊದಲೇ ಇಟ್ಕೊಂಡು ತನಿಖೆ ಮಾಡಿದ್ರೆ ಹೀಗೇ.

ಪ್ರತ್ಯಕ್ಷ ಸಾಕ್ಷಿ ಬಗ್ಗೆ ಚುಟುಕಾಗಿ ಹೇಳ್ತೀನಿ. ಅಮೆರಿಕದಲ್ಲಿ ಡಿಎನ್‌ಎ ಮೂಲಕ ನಿರಪರಾಧಿ ಅಂತ ಸಾಬೀತಾದ ಕೇಸ್‌ಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಜಾಸ್ತಿ ಕಡೆ ಯಾರೋ ಸಾಕ್ಷಿ "ಇವನೇ" ಅಂತ ತಪ್ಪಾಗಿ ತೋರಿಸಿದ್ರು, ಸುಳ್ಳು ಹೇಳಿದ್ದಲ್ಲ, ನಿಜವಾಗ್ಲೂ ಹಾಗಂತ ನಂಬಿದ್ರು. ನಮ್ಮಲ್ಲಿ ಗುರುತು ಪತ್ತೆ ಪರೇಡ್ ಅಂತ ಮಾಡ್ತಾರೆ, ಆರೋಪಿಯನ್ನ ಅದೇ ಥರ ಕಾಣೋ ಬೇರೆಯವರ ಜೊತೆ ನಿಲ್ಲಿಸಿ. ಆದ್ರೆ ಅರೆಸ್ಟ್ ಆದ ದಿನವೇ ಫೋಟೋ ವಾಟ್ಸಾಪಲ್ಲೆಲ್ಲಾ ಓಡಾಡಿಬಿಟ್ಟಿದ್ರೆ ಆ ಪರೇಡಿಗೆ ಏನ್ ಅರ್ಥ. ಮುಸುಕು ಹಾಕಿ ಕರ್ಕೊಂಡು ಬರೋದು ನಾಚಿಕೆಗಲ್ಲ, ಇದಕ್ಕೆ.

ನಾಯಿಗಳಿಗೆ ಅನ್ಯಾಯ ಮಾಡ್ಬಾರ್ದು. ದಾವಣಗೆರೆಯ ತುಂಗಾ ಅನ್ನೋ ಡಾಬರ್ಮನ್ 2019ರಲ್ಲಿ ಕೊಲೆ ನಡೆದ ಜಾಗದಿಂದ 12 ಕಿಲೋಮೀಟರ್ ಓಡಿ ಆರೋಪಿ ಇದ್ದ ಮನೆವರೆಗೂ ಪೊಲೀಸರನ್ನ ಕರ್ಕೊಂಡು ಹೋಯ್ತು, ಪತ್ತೆ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು. ಆದ್ರೆ ನಾಯೀನ ಕಟಕಟೇಲಿ ನಿಲ್ಲಿಸಿ ಪಾಟೀಸವಾಲು ಮಾಡೋಕೆ ಆಗಲ್ವಲ್ಲ, ಹಾಗಾಗಿ ಬರೀ ಅದರ ಮೂಗಿನ ಮೇಲೆ ಭಾರ ಹಾಕೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 1969ರಿಂದಲೂ ಹೇಳ್ತಾ ಬಂದಿದೆ. ಮಳೆ ಬಂದ್ರೆ, ನೂರು ಜನ ತುಳಿದ್ರೆ, ಕೊಲೆಗಾರ ಬೈಕ್ ಹತ್ತಿಬಿಟ್ರೆ ವಾಸನೆ ಅಲ್ಲಿಗೆ ಕಟ್. ರಸ್ತೆ ಅಂಚಿಗೆ ಹೋಗಿ ನಿಂತ್ಕೊಳ್ತು ಅಂತ ಬರುತ್ತಲ್ಲ ನ್ಯೂಸಲ್ಲಿ, ಅದರರ್ಥ ಬಹುಪಾಲು ಇದೇ.

ಬಾತ್ಮೀದಾರರು, ಅಂದ್ರೆ ಪೊಲೀಸರಿಗೆ ಗುಟ್ಟಾಗಿ ಸುಳಿವು ಕೊಡೋರು, ಇನ್ನೊಂದು ದೊಡ್ಡ ಅಧ್ಯಾಯ. ವೀರಪ್ಪನ್‌ನ ಹಿಡಿಯೋಕೆ ಎರಡು ರಾಜ್ಯದ ವಿಶೇಷ ಪೊಲೀಸ್ ಪಡೆ ಎಸ್‌ಟಿಎಫ್ ವರ್ಷಗಟ್ಟಲೆ ಕಾಡು ಜಾಲಾಡಿತು, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರನ್ನ ಹಿಡಿದು ಹಿಂಸೆ ಕೊಟ್ರು ಅನ್ನೋ ದೂರುಗಳಿಗೆ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿ ಮಾಡಿ ಆಮೇಲೆ ಪರಿಹಾರ ಕೊಡಿಸ್ಬೇಕಾಯ್ತು. ಕೊನೆಗೆ 2004ರ ಅಕ್ಟೋಬರ್ 18ಕ್ಕೆ ಧರ್ಮಪುರಿ ಜಿಲ್ಲೇಲಿ ಅವನು ಹತ್ತಿದ ಆಂಬುಲೆನ್ಸ್ ಪೊಲೀಸರದ್ದೇ ಆಗಿತ್ತು, ಅವನ ನಂಬಿಕೆ ಗಳಿಸಿ ಒಳಗೆ ಸೇರ್ಕೊಂಡಿದ್ದ ಜನಾನೂ ಪೊಲೀಸರವರೇ. ಹಿಂಸೆಯಿಂದ ಸಿಗದ ಮಾಹಿತಿ ನಂಬಿಕೆಯಿಂದ ಸಿಕ್ತು ಅನ್ನಬಹುದು, ಆದ್ರೂ ಬಾತ್ಮೀದಾರ ಅಂದ್ರೆ ಅವನಿಗೂ ಅವನದೇ ಲೆಕ್ಕ ಇರುತ್ತೆ, ತನ್ನ ವೈರಿ ಹೆಸರು ಹೇಳಿ ಕೈ ತೊಳ್ಕೊಳ್ಳೋರೂ ಇದ್ದಾರೆ, ಅದಕ್ಕೇ ಅವನ ಮಾತಿಂದ ಶುರು ಮಾಡ್ಬಹುದೇ ಹೊರತು ಅದ್ರಲ್ಲೇ ಮುಗಿಸೋ ಹಾಗಿಲ್ಲ.

ಈಗ ಜಾಸ್ತಿ ಆಗ್ತಿರೋದು ಆನ್‌ಲೈನ್ ವಂಚನೆ, ಇಲ್ಲಿ ಬೆರಳಚ್ಚೂ ಇಲ್ಲ, ನಾಯೀನೂ ಇಲ್ಲ, ಮಹಜರು ಮಾಡೋಕೆ ಜಾಗಾನೂ ಇಲ್ಲ. ಕೆಲಸಕ್ಕೆ ಬರೋದು ಹಣದ ಬಾಲ ಹಿಡಿಯೋದು ಒಂದೇ. ನಿಮ್ಮ ಅಕೌಂಟಿಂದ ಹೋದ ದುಡ್ಡು ಕೆಲವೇ ನಿಮಿಷದಲ್ಲಿ ಬಾಡಿಗೆ ಅಕೌಂಟುಗಳಿಗೆ ಹರಿದು, ಅಲ್ಲಿಂದ ಇನ್ನೂ ನಾಲ್ಕು ಕಡೆ ಚದುರಿ, ಎಲ್ಲೋ ಎಟಿಎಂನಲ್ಲಿ ನಗದಾಗುತ್ತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಆ ಸರಪಳೀಲಿ ದುಡ್ಡು ಇನ್ನೂ ಎಲ್ಲಿದೆಯೋ ಆ ಬ್ಯಾಂಕಿಗೆ ತಡೆ ಹಿಡೀರಿ ಅಂತ ಸೂಚನೆ ಹೋಗುತ್ತೆ. ಮೊದಲ ಗಂಟೇಲಿ ಮಾಡಿದ್ರೆ ಸಿಗೋ ಸಾಧ್ಯತೆ ಇರುತ್ತೆ, ನಾಳೆ ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ಎಫ್‌ಐಆರ್ ಮಾಡಿಸೋಣ ಅಂತ ಮಲ್ಕೊಂಡ್ರೆ ಅಷ್ಟೊತ್ತಿಗೆ ಖಾಲಿ ಅಕೌಂಟ್ ಹೆಸರುಗಳ ಪಟ್ಟಿ ಮಾತ್ರ ಉಳಿದಿರುತ್ತೆ, ಅದ್ರಲ್ಲಿರೋ ಬಹಳಷ್ಟು ಜನ ಸಾವಿರ ಎರಡು ಸಾವಿರಕ್ಕೆ ತಮ್ಮ ಪಾಸ್‌ಬುಕ್ಕು ಸಿಮ್ಮು ಬಾಡಿಗೆಗೆ ಕೊಟ್ಟಿರೋ ಬಡವರು.